ಗಾಳಿ ಊದುವ ಮೊದಲೇ: ಕರಾವಳಿ ನಗರಗಳ ಕೊಳಚೆ ನೀರಿನಲ್ಲಿರುವ ಇಂಧನ

ಮಂಗಳೂರಿನ ಮನೆ, ಹೋಟೆಲು, ಆಸ್ಪತ್ರೆ, ಹಾಸ್ಟೆಲುಗಳಿಂದ ಹೊರಡುವ ಕೊಳಚೆ ನೀರು ಒಂದೇ ಇಳಿಜಾರಿನಲ್ಲಿ ಹರಿದು ಹೋಗುವುದಿಲ್ಲ. ಊರು ಗುಡ್ಡ ಮತ್ತು ತಗ್ಗುಗಳಿಂದ ಕೂಡಿರುವುದರಿಂದ ಅದು ಅಲ್ಲಲ್ಲಿ ವೆಟ್‌ವೆಲ್ ಎಂಬ ಸಂಗ್ರಹ ಬಾವಿಗಳಲ್ಲಿ ತಂಗಿ, ಪಂಪಿನ ಬಲದಿಂದ ಏರು ದಾಟಿ, ಕೊನೆಗೆ ಕಾವೂರು, ಬಜಾಲ್, ಸುರತ್ಕಲ್ ಮತ್ತು ಪಚ್ಚನಾಡಿಯ ಶುದ್ಧೀಕರಣ ಘಟಕಗಳನ್ನು ಸೇರುತ್ತದೆ. ಕಾವೂರು ಘಟಕದ ಸಾಮರ್ಥ್ಯ ದಿನಕ್ಕೆ 43.5 ದಶಲಕ್ಷ ಲೀಟರ್, ಅಂದರೆ 43.5 ಎಂಎಲ್‌ಡಿ, ಬಜಾಲಿನದು 20 ಎಂಎಲ್‌ಡಿ. ಉಡುಪಿಯ ಕೊಳಚೆ ನೀರಿನ ದಾರಿ ನಿಟ್ಟೂರಿನ ಘಟಕದ ಕಡೆಗೆ. ಈ ದಾರಿಯುದ್ದಕ್ಕೂ ವಿದ್ಯುತ್ ಬೇಕು, ದಾರಿ ಮುಗಿದ ಮೇಲೆ ನೀರನ್ನು ಶುದ್ಧೀಕರಿಸಲು ಇನ್ನೂ ಹೆಚ್ಚು ವಿದ್ಯುತ್ ಬೇಕು. ಆದರೆ ನಾವು ಹಣ ಕೊಟ್ಟು ತಂದ ವಿದ್ಯುತ್ತಿನಿಂದ ನಾಶಪಡಿಸುವ ಆ ಕೊಳೆ ಸ್ವತಃ ಇಂಧನವಾಗಿದೆ. ಅದನ್ನು ಎಷ್ಟರ ಮಟ್ಟಿಗೆ ಮರಳಿ ಪಡೆಯಬಹುದು ಎಂಬುದು ಕೊಳೆಯ ಗ್ಯಾಸಿನಿಂದ ವಿದ್ಯುತ್ ತೆಗೆಯುವ ಎಂಜಿನ್ ಕೊಳ್ಳುವ ದಿನ ತೀರ್ಮಾನವಾಗುವುದಿಲ್ಲ. ಘಟಕದ ನಕ್ಷೆ ಬರೆಯುವ ದಿನವೇ, ನೀರಿಗೆ ಗಾಳಿ ಊದುವ ಮುನ್ನ ಏನು ಮಾಡುತ್ತೇವೆ ಎಂಬುದರ ಮೇಲೆ ತೀರ್ಮಾನವಾಗಿಬಿಡುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ನೀರಿನಲ್ಲಿರುವ ಅನ್ನದ ಗಂಜಿ, ಎಣ್ಣೆ, ಸಾಬೂನು, ಮಲಮೂತ್ರಗಳೆಲ್ಲ ಇಂಗಾಲದ ಸಂಯುಕ್ತಗಳು. ಇವನ್ನು ಪೂರ್ತಿಯಾಗಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದನ್ನು ಸಿಒಡಿ ಎಂಬ ಅಳತೆಯಿಂದ ಹೇಳುತ್ತಾರೆ. ನಮ್ಮ ನಗರಗಳ ಕೊಳಚೆ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂ ಸಿಒಡಿ ಇದೆಯೆಂದು ಹಿಡಿದರೆ ಅದು ಅತಿಶಯವಲ್ಲ. ಒಂದು ಕಿಲೋಗ್ರಾಂ ಸಿಒಡಿಯಲ್ಲಿ ಸುಮಾರು 14 ಮೆಗಾಜೌಲ್, ಎಂದರೆ ಹತ್ತಿರ ಹತ್ತಿರ 3.9 ಯೂನಿಟ್‌ನಷ್ಟು ರಾಸಾಯನಿಕ ಶಕ್ತಿ ಅಡಗಿರುತ್ತದೆ. ಹಾಗಾಗಿ ಒಂದು ಸಾವಿರ ಲೀಟರ್ ಕೊಳಚೆ ನೀರು ಒಂದೂವರೆ ಯೂನಿಟ್ ಹೊತ್ತು ಬರುತ್ತದೆ. ಅಷ್ಟೇ ನೀರನ್ನು ಸಾಮಾನ್ಯ ವಿಧಾನದಲ್ಲಿ ಶುದ್ಧೀಕರಿಸಲು ತಗಲುವುದು 0.3ರಿಂದ 0.6 ಯೂನಿಟ್. ತಾನು ಬೇಡುವುದಕ್ಕಿಂತ ಮೂರ್ನಾಲ್ಕು ಪಟ್ಟು ಶಕ್ತಿಯನ್ನು ಆ ನೀರು ತಂದಿರುತ್ತದೆ. ಅಷ್ಟನ್ನೂ ಹಿಡಿಯಲು ಯಾರಿಂದಲೂ ಆಗದು. ಎಷ್ಟು ಹಿಡಿಯಬಹುದು, ಎಲ್ಲೆಲ್ಲಿ ಅದು ಕೈತಪ್ಪುತ್ತದೆ ಎಂಬುದೇ ಮುಂದಿನ ವಿಚಾರ.

ಇಂದು ಬಹುಪಾಲು ಘಟಕಗಳಲ್ಲಿ ನಡೆಯುವುದು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದ ವಿಧಾನದ ಬೇರೆ ಬೇರೆ ರೂಪಗಳು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೀಗಾಗಿ ಈ ವಿದ್ಯೆ ಕರ್ನಾಟಕಕ್ಕೆ ಬಹಳ ತಡವಾಗಿ ಬಂದದ್ದೇನಲ್ಲ. ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿ, ತಳದಿಂದ ಬ್ಲೋವರ್‌ಗಳ ಮೂಲಕ ಗಾಳಿ ಊದುತ್ತಾರೆ. ಕಂದು ಬಣ್ಣದ ನೊರೆ ಕುದಿಯುವಂತೆ ಮೇಲೇಳುವ ಆ ತೊಟ್ಟಿಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಉಸಿರಾಡುತ್ತ ಕೊಳೆಯನ್ನು ತಿನ್ನುತ್ತವೆ. ತಿಂದದ್ದರಲ್ಲಿ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ಉಳಿದದ್ದು ಅವುಗಳ ಮೈಯಾಗಿ ಬೆಳೆದು ಕೆಸರಿನ ರೂಪದಲ್ಲಿ ತಳಕ್ಕೆ ಇಳಿಯುತ್ತದೆ. ಘಟಕದ ಒಟ್ಟು ವಿದ್ಯುತ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಈ ಗಾಳಿಗೇ ಖರ್ಚಾಗುತ್ತದೆ. ಬ್ಲೋವರ್ ಕೋಣೆಯೊಳಗೆ ಹೋದವರಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಆ ಸದ್ದು ಇಪ್ಪತ್ನಾಲ್ಕು ಗಂಟೆಯೂ ನಿಲ್ಲುವಂತಿಲ್ಲ.

ಇದಕ್ಕೆ ವಿರುದ್ಧವಾದ ದಾರಿ ದಕ್ಷಿಣ ಕನ್ನಡ ಮತ್ತು ಉಡುಪಿಯ ಕೃಷಿಕರಿಗೆ ಹೊಸತಲ್ಲ. ಅಡಿಕೆ ತೋಟದ ಮನೆಯ ಹಟ್ಟಿಯ ಪಕ್ಕದಲ್ಲಿರುವ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ, ನಗರದ ಘಟಕದ ಹತ್ತು ಹದಿನೈದು ಮೀಟರ್ ಎತ್ತರದ ಡೈಜೆಸ್ಟರ್‌ನಲ್ಲಿ ನಡೆಯುವುದೂ ಒಂದೇ ಕ್ರಿಯೆ. ಗಾಳಿ ಸೋಕದ ಜಾಗದಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಪಿಷ್ಟ, ಪ್ರೋಟೀನ್, ಕೊಬ್ಬುಗಳನ್ನು ಕರಗುವ ತುಣುಕುಗಳಾಗಿ ಒಡೆಯುತ್ತವೆ, ಇನ್ನೊಂದು ಗುಂಪು ಆ ತುಣುಕುಗಳನ್ನು ಆಮ್ಲಗಳಾಗಿಸುತ್ತದೆ, ಆಮ್ಲಗಳು ಅಸಿಟಿಕ್ ಆಮ್ಲ ಮತ್ತು ಜಲಜನಕದ ಹಂತಕ್ಕೆ ಇಳಿದ ಮೇಲೆ ಕೊನೆಯ ಗುಂಪು ಅವನ್ನು ಮೀಥೇನ್ ಮಾಡುತ್ತದೆ. ಈ ಕೊನೆಯ ಗುಂಪು ನಿಧಾನವಾಗಿ ಬೆಳೆಯುವಂಥದ್ದು, ಬಹಳ ಸೂಕ್ಷ್ಮವಾದದ್ದು. ಮೊದಲಿನವು ಆಮ್ಲ ತಯಾರಿಸುವ ವೇಗಕ್ಕೆ ಇವು ಸರಿಸಮವಾಗಿ ತಿನ್ನದೆ ಹೋದರೆ ತೊಟ್ಟಿ ಹುಳಿಯಾಗಿ ಗ್ಯಾಸ್ ನಿಂತೇಹೋಗುತ್ತದೆ. ಸರಿಯಾಗಿ ನಡೆದರೆ, ನಾಶವಾದ ಪ್ರತಿ ಕಿಲೋಗ್ರಾಂ ಸಿಒಡಿಗೆ 0.35 ಘನ ಮೀಟರ್ ಮೀಥೇನ್ ಸಿಗುತ್ತದೆ. ಆಮ್ಲಜನಕ ಬಳಸದ ಕಾರಣ ಇಲ್ಲಿ ಶಕ್ತಿ ಸುಟ್ಟುಹೋಗುವುದಿಲ್ಲ. ಕೊಳೆಯಲ್ಲಿದ್ದ ಶಕ್ತಿಯ ಬಹುಪಾಲು ಗ್ಯಾಸಿಗೆ ವರ್ಗವಾಗುತ್ತದೆ. ಮುಂಬೈಯ ಮಾಟುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ 1897ರಷ್ಟು ಹಿಂದೆಯೇ ಮಲಮೂತ್ರದ ಗ್ಯಾಸನ್ನು ಹಿಡಿದು ಬಳಸುವ ವ್ಯವಸ್ಥೆ ಮಾಡಲಾಗಿತ್ತು. ಹಾಗಿರುವಾಗ ಇದನ್ನು ಪರದೇಶದ ನವೀನ ತಂತ್ರಜ್ಞಾನವೆಂದು ಪರಿಚಯಿಸುವುದು ನನಗೆ ಸರಿಕಾಣುವುದಿಲ್ಲ.

ನಗರದ ಕೊಳಚೆ ನೀರಿಗೆ ಈ ಕ್ರಿಯೆಯನ್ನು ಅನ್ವಯಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದನೆಯದರಲ್ಲಿ ನೀರನ್ನಲ್ಲ, ನೀರಿನಿಂದ ಬೇರ್ಪಟ್ಟ ಕೆಸರನ್ನು ಡೈಜೆಸ್ಟರ್‌ಗೆ ಹಾಕುತ್ತಾರೆ. ಘಟಕಕ್ಕೆ ಬಂದ ನೀರನ್ನು ಕ್ಲಾರಿಫೈಯರ್ ಎಂಬ ದುಂಡನೆಯ ತೊಟ್ಟಿಯಲ್ಲಿ ಒಂದೆರಡು ಗಂಟೆ ನಿಲ್ಲಿಸಿದರೆ ಕೊಳೆಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ತಾನಾಗಿಯೇ ತಳಕ್ಕಿಳಿಯುತ್ತದೆ. ಈ ಪ್ರಾಥಮಿಕ ಕೆಸರು ಇನ್ನೂ ಯಾರೂ ತಿನ್ನದ ಹೊಸ ಇಂಧನ. ಅದಕ್ಕೆ ಗಾಳಿ ತೊಟ್ಟಿಯಿಂದ ಬರುವ ಎರಡನೆಯ ಕೆಸರನ್ನು ಸೇರಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ಮೂರು ವಾರ ಇಟ್ಟರೆ ಅದರ ಅರ್ಧದಷ್ಟು ಗ್ಯಾಸ್ ಆಗುತ್ತದೆ.

ಬಜಾಲಿನಷ್ಟೇ ಸಾಮರ್ಥ್ಯದ, 20 ಎಂಎಲ್‌ಡಿಯ ಒಂದು ಘಟಕವನ್ನು ಕಾಗದದ ಮೇಲೆ ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ದಿನಕ್ಕೆ 8,000 ಕಿಲೋಗ್ರಾಂ ಸಿಒಡಿ ಒಳಗೆ ಬರುತ್ತದೆ. ಅದರಲ್ಲಿ 2,800 ಕಿಲೋಗ್ರಾಂ ಮೊದಲ ತೊಟ್ಟಿಯಲ್ಲೇ ಇಳಿಯುತ್ತದೆ. ಉಳಿದ 5,200ರಲ್ಲಿ ಸುಮಾರು 1,700 ಕಿಲೋಗ್ರಾಂ ಬ್ಯಾಕ್ಟೀರಿಯಾಗಳ ಮೈಯಾಗಿ ಎರಡನೆಯ ಕೆಸರಾಗುತ್ತದೆ. ಒಟ್ಟು 4,500ರ ಅರ್ಧ ಗ್ಯಾಸ್ ಆದರೆ ಸುಮಾರು 790 ಘನ ಮೀಟರ್ ಮೀಥೇನ್. ಒಂದು ಘನ ಮೀಟರ್ ಮೀಥೇನ್‌ನಲ್ಲಿ 10 ಯೂನಿಟ್ ಶಾಖಶಕ್ತಿ ಇದೆ, ಎಂಜಿನ್ ಅದರ 36 ಪ್ರತಿಶತವನ್ನು ವಿದ್ಯುತ್ತಾಗಿ ಕೊಡುತ್ತದೆ ಎಂದರೆ ದಿನಕ್ಕೆ 2,800 ಯೂನಿಟ್. ಆ ಘಟಕದ ಅಗತ್ಯ ಸಾವಿರ ಲೀಟರಿಗೆ 0.4 ಯೂನಿಟ್‌ನಂತೆ 8,000 ಯೂನಿಟ್. ಬಿಲ್ಲಿನ ಮೂರನೆಯ ಒಂದು ಪಾಲು ಹೀಗೆ ಕಳೆಯುತ್ತದೆ. ಚೆನ್ನೈಯ ಕೊಡುಂಗೈಯೂರು, ಕೋಯಂಬೇಡು, ಪೆರುಂಗುಡಿ, ನೆಸಪಾಕ್ಕಂ ಘಟಕಗಳಲ್ಲಿ, ಸೂರತ್‌ನಲ್ಲಿ, ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಇದೇ ಕ್ರಮದಲ್ಲಿ ಕೆಸರಿನ ಗ್ಯಾಸಿನಿಂದ ವಿದ್ಯುತ್ ತೆಗೆದಿದ್ದಾರೆ.

ಆದರೆ ಈ ಲೆಕ್ಕವನ್ನು ಎಲ್ಲ ಘಟಕಕ್ಕೂ ಹೊಂದಿಸಲು ಬರುವುದಿಲ್ಲ, ಮತ್ತು ನನ್ನ ಕಾಳಜಿಯ ತಿರುಳು ಇಲ್ಲಿಯೇ ಇದೆ. ನಮ್ಮ ಮಧ್ಯಮ ಗಾತ್ರದ ನಗರಗಳಿಗೆ ಬಹಳ ಒಗ್ಗಿಹೋಗಿರುವುದು ದೀರ್ಘಕಾಲ ಗಾಳಿ ಊದುವ ವಿಧಾನ ಮತ್ತು ಎಸ್‌ಬಿಆರ್ ಎಂಬ, ಒಂದೇ ತೊಟ್ಟಿಯಲ್ಲಿ ಸರದಿಯಂತೆ ಎಲ್ಲವನ್ನೂ ಮುಗಿಸುವ ವಿಧಾನ. ಇವುಗಳಲ್ಲಿ ಸಾಮಾನ್ಯವಾಗಿ ಪ್ರಾಥಮಿಕ ತೊಟ್ಟಿಯೇ ಇರುವುದಿಲ್ಲ. ಬಂದ ಕೊಳೆಯೆಲ್ಲ ನೇರವಾಗಿ ಗಾಳಿಗೆ ಹೋಗುತ್ತದೆ, ಕೆಸರು ವಾರಗಟ್ಟಲೆ ಅದೇ ತೊಟ್ಟಿಯಲ್ಲಿ ಸುತ್ತುತ್ತ ಬ್ಯಾಕ್ಟೀರಿಯಾಗಳು ಒಂದನ್ನೊಂದು ತಿನ್ನುವ ಸ್ಥಿತಿಗೆ ಬರುತ್ತದೆ. ಹೊರಗೆ ಬೀಳುವ ಕೆಸರು ಕಡಿಮೆ, ವಾಸನೆ ಕಡಿಮೆ, ನಿರ್ವಹಣೆ ಸುಲಭ, ಹೊರಬರುವ ನೀರು ಉತ್ತಮ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೊರಬಿಡುವ ನೀರಿನ ಮಾನದಂಡಗಳನ್ನು ಬಿಗಿಗೊಳಿಸಿದ ಮೇಲೆ ಈ ವಿಧಾನಗಳ ಕಡೆಗಿನ ಒಲವು ಸಹಜವೂ ಆಗಿತ್ತು. ಆದರೆ ಇಂಥ ಘಟಕದ ಕೆಸರಿನಲ್ಲಿ ಗ್ಯಾಸ್ ಆಗಲು ಉಳಿದಿರುವುದು ಅತ್ಯಲ್ಪ, ಏಕೆಂದರೆ ಇಂಧನವನ್ನು ಆಗಲೇ ವಿದ್ಯುತ್ ಖರ್ಚು ಮಾಡಿ ಸುಟ್ಟಾಗಿದೆ. ಅದರ ಪಕ್ಕದಲ್ಲಿ ಡೈಜೆಸ್ಟರ್ ಕಟ್ಟಿದರೆ ಉದ್ಘಾಟನೆಯ ಕಲ್ಲು ಉಳಿಯುತ್ತದೆ, ಗ್ಯಾಸ್ ಹುಟ್ಟುವುದಿಲ್ಲ. ವಿಸ್ತರಣೆ ಅಥವಾ ನವೀಕರಣದ ಮಾತು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಗಾಳಿಗೆ ಮುಂಚಿನ ತೊಟ್ಟಿಗೆ ಜಾಗವಿದೆಯೇ ಎಂಬುದು. ಆಸ್ಟ್ರಿಯದ ಸ್ಟ್ರಾಸ್ ಎಂಬ ಊರಿನ ಘಟಕ 2005ರಲ್ಲಿ ತಾನು ಬಳಸಿದ್ದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸುವ ಹಂತ ತಲಪಿದ್ದರ ಹಿಂದೆ ಇದ್ದದ್ದೂ ಇದೇ ಎಚ್ಚರ: ಮೊದಲ ಹಂತದಲ್ಲಿ ಅತಿ ಕಡಿಮೆ ಹೊತ್ತು ಗಾಳಿ ಕೊಟ್ಟು, ಕೊಳೆಯನ್ನು ಸುಡದೆ ಕೆಸರಿಗೆ ಅಂಟಿಸಿ, ಬೇಗನೆ ಡೈಜೆಸ್ಟರ್‌ಗೆ ದಾಟಿಸುವುದು.

ಎರಡನೆಯ ದಾರಿಯಲ್ಲಿ ಕೆಸರನ್ನು ಬೇರ್ಪಡಿಸುವ ಗೋಜಿಲ್ಲ. ಇಡೀ ನೀರನ್ನೇ ಗಾಳಿಯಿಲ್ಲದ ತೊಟ್ಟಿಯ ತಳದಿಂದ ಮೇಲಕ್ಕೆ ಹರಿಸುತ್ತಾರೆ. ಮಧ್ಯದಲ್ಲಿ ಹೊದಿಕೆಯಂತೆ ತೇಲುವ ದಟ್ಟ ಕೆಸರಿನ ಪದರವೊಂದು ಕೊಳೆಯನ್ನು ತಡೆದು ಗ್ಯಾಸ್ ಮಾಡುತ್ತದೆ. ಯುಎಎಸ್‌ಬಿ ಎಂದು ಹೆಸರಾದ ಈ ರಚನೆಯನ್ನು 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಾಹನಿಂಗನ್‌ನಲ್ಲಿ ಗಾಟ್ಜೆ ಲೆಟಿಂಗ ಮತ್ತು ಸಂಗಡಿಗರು ರೂಪಿಸಿದರು. ಭಾರತದಲ್ಲಿ ಗಂಗಾ ಕ್ರಿಯಾ ಯೋಜನೆಯ ಅಡಿ ಕಾನ್ಪುರದ ಜಾಜ್‌ಮವುನಲ್ಲಿ 5 ಎಂಎಲ್‌ಡಿಯ ಪ್ರಾಯೋಗಿಕ ಘಟಕ ಬಂತು. ಉತ್ತರ ಭಾರತದ ಚಳಿಗಾಲದಲ್ಲಿ ನೀರು ತಣ್ಣಗಾದಾಗ ಇದರ ಕೆಲಸ ಮಂದವಾಗುತ್ತದೆ. ಕರಾವಳಿಯಲ್ಲಿ ಆ ತೊಂದರೆಯಿಲ್ಲ, ಇಲ್ಲಿ ಕೊಳಚೆ ನೀರು ವರ್ಷಪೂರ್ತಿ ಬೆಚ್ಚಗೇ ಇರುತ್ತದೆ. ಹಾಗೆಂದು ಯುಎಎಸ್‌ಬಿಯನ್ನು ಕಣ್ಣುಮುಚ್ಚಿ ಒಪ್ಪಲು ಎರಡು ಅಡ್ಡಿಗಳಿವೆ. ಅದರಿಂದ ಹೊರಬರುವ ನೀರು ಇನ್ನೂ ಅರೆಶುದ್ಧ, ಮುಂದೆ ಗಾಳಿ ಊದುವ ಹಂತ ಬೇಕೇ ಬೇಕು. ಎರಡನೆಯದು ಕಣ್ಣಿಗೆ ಕಾಣದ ನಷ್ಟ. ಮೀಥೇನ್ ಅಷ್ಟಿಷ್ಟು ನೀರಿನಲ್ಲಿ ಕರಗುತ್ತದೆ; ನಮ್ಮ ಹವೆಯಲ್ಲಿ ಲೀಟರಿಗೆ ಸುಮಾರು 15 ಮಿಲಿಗ್ರಾಂ. ಕೇಳಲು ಅಲ್ಪವೆನಿಸಿದರೂ ಅದು 60 ಮಿಲಿಗ್ರಾಂ ಸಿಒಡಿಗೆ ಸಮ. 400 ಮಿಲಿಗ್ರಾಂ ಸಿಒಡಿಯ ನೀರಿನಲ್ಲಿ 240 ಮಿಲಿಗ್ರಾಂನಷ್ಟು ಸಿಒಡಿ ಮೀಥೇನ್ ಆಯಿತು ಎಂದುಕೊಂಡರೂ ಅದರ ಕಾಲುಭಾಗ ಗ್ಯಾಸ್ ಹೋಲ್ಡರ್‌ಗೆ ಬಾರದೆ ನೀರಿನೊಂದಿಗೆ ಹೊರಗೆ ಹೋಗಿ, ಮುಂದಿನ ತೊಟ್ಟಿಯ ಗಾಳಿಯಲ್ಲಿ ಬೇರ್ಪಟ್ಟು ಆಕಾಶಕ್ಕೆ ಸೇರುತ್ತದೆ.

ಇದರ ಹಾನಿ ಇಂಧನ ನಷ್ಟಕ್ಕಷ್ಟೇ ಮುಗಿಯುವುದಿಲ್ಲ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಸಾವಿರ ಲೀಟರ್ ನೀರಿನಿಂದ 15 ಗ್ರಾಂ ಸೋರಿದರೆ ಅದು 420 ಗ್ರಾಂ ಡೈಆಕ್ಸೈಡ್‌ಗೆ ಸಮ. ನಮ್ಮ ದೇಶದ ವಿದ್ಯುತ್ ಜಾಲದ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಡೈಆಕ್ಸೈಡ್ ಹೊರಬರುತ್ತದೆ. ಸಾವಿರ ಲೀಟರಿಗೆ ಕಾಲು ಯೂನಿಟ್ ಉಳಿಸಿದರೆ ತಪ್ಪುವುದು 175 ಗ್ರಾಂ. ಉಳಿಸಿದ್ದಕ್ಕಿಂತ ಸೋರಿದ್ದೇ ದೊಡ್ಡದು. ಕರಗಿದ ಮೀಥೇನನ್ನು ಹಿಡಿಯುವ ಅಥವಾ ಜೈವಿಕವಾಗಿ ಉತ್ಕರ್ಷಿಸುವ ಏರ್ಪಾಟಿಲ್ಲದ ಯುಎಎಸ್‌ಬಿಯನ್ನು ಹವಾಮಾನದ ಹೆಸರಿನಲ್ಲಿ ಸಮರ್ಥಿಸಬಾರದು ಎಂಬುದು ಈ ಸರಳ ಗುಣಾಕಾರದಿಂದಲೇ ತಿಳಿಯುತ್ತದೆ.

ಇನ್ನು ಮಳೆಯ ವಿಚಾರ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮುರಕಲ್ಲಿನ ನೆಲ ನೀರು ಕುಡಿದು ತುಂಬಿದಾಗ ಅಂತರ್ಜಲ ಕೊಳವೆಗಳ ಮಟ್ಟಕ್ಕಿಂತ ಮೇಲೇರಿ, ಹಳೆಯ ಕೊಳವೆಗಳ ಕೀಲು ಮತ್ತು ಮ್ಯಾನ್‌ಹೋಲ್‌ಗಳ ಬಿರುಕುಗಳಿಂದ ಒಳನುಗ್ಗುತ್ತದೆ. ಅಂಗಳದ ನೀರನ್ನೂ ಮಾಡಿನ ನೀರನ್ನೂ ಯುಜಿಡಿಯ, ಎಂದರೆ ಒಳಚರಂಡಿಯ, ಚೇಂಬರಿಗೆ ಬಿಟ್ಟ ಮನೆಗಳ ಕೊಡುಗೆಯೂ ಅದಕ್ಕೆ ಸೇರುತ್ತದೆ. ಜುಲೈಯ ಒಂದು ಜಡಿಮಳೆಯ ದಿನ ರಸ್ತೆಯ ನಡುವೆ ಮ್ಯಾನ್‌ಹೋಲ್ ಮುಚ್ಚಳದ ರಂಧ್ರಗಳಿಂದ ನೀರು ಚಿಮ್ಮುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳೆಯ ಒಟ್ಟು ಪ್ರಮಾಣ ಅಷ್ಟೇ, ನೀರು ಮಾತ್ರ ದುಪ್ಪಟ್ಟು. ಕೆಸರಿನ ದಾರಿಗೆ ಇದರಿಂದ ಆಗುವ ತೊಂದರೆ ಮಿತವಾದದ್ದು. ನೀರು ತೊಟ್ಟಿಯಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗಿ ಒಂದಿಷ್ಟು ಕೆಸರು ಕೊಚ್ಚಿಹೋಗಿ ಗ್ಯಾಸ್ ಇಳಿಯಬಹುದು. ಯುಎಎಸ್‌ಬಿಗಾದರೆ ಪೆಟ್ಟು ಬಲವಾಗಿ ಬೀಳುತ್ತದೆ. ಸಿಒಡಿ 400ರಿಂದ 200ಕ್ಕೆ ಇಳಿದರೂ ನೀರಿನಲ್ಲಿ ಕರಗುವ ಮೀಥೇನ್ ಅದೇ 15 ಮಿಲಿಗ್ರಾಂ; ಆಗ ಹುಟ್ಟಿದ ಗ್ಯಾಸಿನ ಅರ್ಧ ನೀರಿನಲ್ಲೇ ಉಳಿದುಬಿಡುತ್ತದೆ.

ನದೀಮುಖದ ತಗ್ಗು ಪ್ರದೇಶಗಳಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ನೇತ್ರಾವತಿ ಮತ್ತು ಫಲ್ಗುಣಿಯ ಕೆಳಭಾಗದಲ್ಲಿ ಬೇಸಗೆಯಲ್ಲಿ ಉಪ್ಪುನೀರು ಒಳಬರುತ್ತದೆ. ಅಂಥಲ್ಲಿ ಕೊಳವೆ ಸೋರಿದರೆ ಒಳಗೆ ಬರುವ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಮೀಥೇನ್ ಮಾಡುವವುಗಳ ಆಹಾರವನ್ನು ಕಸಿದು, ಹೈಡ್ರೋಜನ್ ಸಲ್ಫೈಡ್ ಎಂಬ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲವನ್ನು ಉತ್ಪಾದಿಸುತ್ತವೆ. ಕೊಳಚೆಯಲ್ಲಿ ಶೇಕಡ 5ರಷ್ಟು ಸಮುದ್ರದ ನೀರು ಸೇರಿದರೂ ಲೀಟರಿಗೆ 90 ಮಿಲಿಗ್ರಾಂ ಸಿಒಡಿ ಹೀಗೆ ನಷ್ಟವಾಗುತ್ತದೆ. ಇದೇ ಅನಿಲ ಕಾಂಕ್ರೀಟನ್ನು ಕೊರೆಯುತ್ತದೆ, ಎಂಜಿನ್‌ನ ಲೋಹವನ್ನು ತಿನ್ನುತ್ತದೆ, ವೆಟ್‌ವೆಲ್‌ಗೆ ಇಳಿದ ಮನುಷ್ಯನ ಪ್ರಾಣವನ್ನು ಕೆಲವೇ ಉಸಿರಿನಲ್ಲಿ ತೆಗೆಯುತ್ತದೆ. ಹಾಗಾಗಿ ಕೊಳವೆ ದುರಸ್ತಿಯ ಹಣವನ್ನು ಇಂಧನ ಯೋಜನೆಯ ಭಾಗವೆಂದೇ ಎಣಿಸಬೇಕು ಎನ್ನುತ್ತೇನೆ.

ಡೈಜೆಸ್ಟರ್‌ಗೆ ಕೆಸರಿನ ಜೊತೆ ಬೇರೆ ಆಹಾರವನ್ನೂ ಹಾಕಬಹುದು. ಅಮೆರಿಕದ ಓಕ್ಲಂಡಿನ ಘಟಕ 2012ರಲ್ಲಿ ತನ್ನ ಬಳಕೆಯನ್ನು ಮೀರಿ ವಿದ್ಯುತ್ ಉತ್ಪಾದಿಸಿದ್ದು ಹೊರಗಿನಿಂದ ತಂದ ಆಹಾರ ತ್ಯಾಜ್ಯ ಮತ್ತು ಜಿಡ್ಡಿನ ನೆರವಿನಿಂದ. ಹೋಟೆಲು, ಮದುವೆ ಹಾಲ್, ದೇವಸ್ಥಾನದ ಅನ್ನಸಂತರ್ಪಣೆಗಳು ತುಂಬಿರುವ ಮಂಗಳೂರು ಮತ್ತು ಉಡುಪಿಗೆ ಇದು ಬಹಳ ಒಪ್ಪುವ ಮಾತು. ಒಂದು ಟನ್ ಹಸಿ ಅಡುಗೆ ತ್ಯಾಜ್ಯದಿಂದ ಸುಮಾರು 100 ಘನ ಮೀಟರ್ ಜೈವಿಕ ಅನಿಲ ಸಿಗುತ್ತದೆ. ದಿನಕ್ಕೆ 10 ಟನ್ ಸೇರಿಸಿದರೆ ಮೇಲಿನ ಕಾಲ್ಪನಿಕ ಘಟಕಕ್ಕೆ ಇನ್ನೂ 2,000 ಯೂನಿಟ್ ಸಿಕ್ಕಿ, ಅಗತ್ಯದ ಅರ್ಧಕ್ಕಿಂತ ಹೆಚ್ಚು ಪೂರೈಕೆಯಾಗುತ್ತದೆ. ಹೋಟೆಲುಗಳ ಗ್ರೀಸ್ ಟ್ರ್ಯಾಪಿನ ಜಿಡ್ಡು ಇನ್ನೂ ಬೆಲೆಯುಳ್ಳದ್ದು. ತೂಕಕ್ಕೆ ತೂಕ ನೋಡಿದರೆ ಕೊಬ್ಬಿನಿಂದ ಬರುವಷ್ಟು ಮೀಥೇನ್ ಬೇರೆ ಯಾವುದರಿಂದಲೂ ಬಾರದು. ಇಲ್ಲದಿದ್ದರೆ ಅದೇ ಜಿಡ್ಡು ಕೊಳವೆಯ ಒಳಗೋಡೆಗೆ ಹತ್ತಿ, ಪಂಪುಗಳನ್ನು ಕಟ್ಟಿಸಿ ತೊಂದರೆ ಕೊಡುವಂಥದ್ದು. ಎಲ್ಲವನ್ನೂ ಸುರಿಯಬಹುದೆಂದು ಮಾತ್ರ ಭಾವಿಸಬಾರದು. ಊಟದ ಬಾಳೆಎಲೆ ನಾರಿನಿಂದ ಕೂಡಿದ್ದು ಬೇಗ ಕೊಳೆಯುವುದಿಲ್ಲ. ಮೇಲೆ ತೇಲಿ ಚಾಪೆಯಂತೆ ಹೆಣೆದುಕೊಂಡು ಕಲಕುವ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ, ಅದನ್ನು ಮೊದಲೇ ಬೇರ್ಪಡಿಸಿ ಗೊಬ್ಬರಕ್ಕೆ ಕಳಿಸುವುದು ಲೇಸು. ಮೀನಿನ ತ್ಯಾಜ್ಯದಲ್ಲಿ ಪ್ರೋಟೀನ್ ಹೆಚ್ಚು, ಅದು ಒಡೆದಾಗ ಹುಟ್ಟುವ ಅಮೋನಿಯ ಮಿತಿಮೀರಿದರೆ ಮೀಥೇನ್ ಮಾಡುವ ಜೀವಿಗಳೇ ಸೋಲುತ್ತವೆ. ಮಲ್ಪೆ ಮತ್ತು ಮಂಗಳೂರಿನ ದಕ್ಕೆಗಳ ಮೀನಿನ ಉಳಿಕೆಗೆ ಮೀನುಹುಡಿ ಕಾರ್ಖಾನೆಗಳ ಬೇಡಿಕೆ ಹೇಗೂ ಇದೆ.

ಹುಟ್ಟಿದ ಗ್ಯಾಸನ್ನು ಹಾಗೆಯೇ ಎಂಜಿನ್‌ಗೆ ಬಿಡುವಂತಿಲ್ಲ. ತೇವಾಂಶ ಇಳಿಸಿ, ಕಬ್ಬಿಣದ ಆಕ್ಸೈಡ್ ತುಂಬಿದ ಪಾತ್ರೆ ಅಥವಾ ಜೈವಿಕ ಸ್ಕ್ರಬ್ಬರ್ ಮೂಲಕ ಹಾಯಿಸಿ ಸಲ್ಫೈಡನ್ನು ತೆಗೆಯಬೇಕು. ಶಾಂಪೂ, ಕ್ರೀಮುಗಳಿಂದ ಬರುವ ಸಿಲಾಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳು ಎಂಜಿನ್‌ನೊಳಗೆ ಸುಟ್ಟು ಗಾಜಿನ ಪುಡಿಯಂಥ ಗಟ್ಟಿ ಪದರವಾಗುವುದರಿಂದ ಅವಕ್ಕೂ ಇದ್ದಿಲಿನ ಸೋಸುಕ ಬೇಕಾಗಬಹುದು. ಎಂಜಿನ್ ವಿದ್ಯುತ್ ಕೊಟ್ಟ ಮೇಲೂ ಗ್ಯಾಸಿನ ಶಕ್ತಿಯ ಸುಮಾರು 40 ಪ್ರತಿಶತ ಬಿಸಿಯಾಗಿ ಉಳಿಯುತ್ತದೆ. ಚಳಿದೇಶಗಳಲ್ಲಿ ಅದರಿಂದ ಮನೆಗಳನ್ನು ಬೆಚ್ಚಗಾಗಿಸುತ್ತಾರೆ. ಕೊಳಚೆ ನೀರಿನ ಬಿಸಿಯನ್ನೇ ಹೀಟ್ ಪಂಪಿನಿಂದ ತೆಗೆಯುವುದೂ ಅಲ್ಲಿನ ರೂಢಿ. ನಮಗೆ ಅದರ ಅಗತ್ಯವಿಲ್ಲ. ನಮಗೆ ಬೇಕಾಗಿರುವುದು ಮಳೆಗಾಲದಲ್ಲಿ ಕೆಸರು ಒಣಗಿಸುವ ಬಿಸಿ. ಬಯಲಿನಲ್ಲಿರುವ ಒಣಗು ಪಾತಿಗಳು ಜೂನ್ ಬಂತೆಂದರೆ ನಾಲ್ಕು ತಿಂಗಳು ಕೆಸರಿನ ಕೊಳಗಳಾಗಿ ನಿಲ್ಲುತ್ತವೆ, ಹೊಸ ಕೆಸರಿಗೆ ಜಾಗವಿಲ್ಲದೆ ಇಡೀ ಘಟಕ ಹದತಪ್ಪುತ್ತದೆ. ಎಂಜಿನ್‌ನ ಬಿಸಿ ಮೊದಲು ಡೈಜೆಸ್ಟರನ್ನು 35 ಡಿಗ್ರಿಯಲ್ಲಿ ಇಡಬೇಕು. ನಮ್ಮ ಹವೆಯಲ್ಲಿ ಅದಕ್ಕೆ ಹೆಚ್ಚು ಬೇಕಾಗುವುದಿಲ್ಲ, ಉಳಿದದ್ದು ಮಾಡಿನಡಿಯ ಒಣಗುಮನೆಗೆ ಹೋಗಬಹುದು.

ಡೈಜೆಸ್ಟರ್‌ನಿಂದ ಹೊರಬಂದ ಕೆಸರನ್ನು ಹಿಂಡಿದಾಗ ಸಿಗುವ ನೀರಿನಲ್ಲಿ ಅಮೋನಿಯ ಬಹಳ ಇರುತ್ತದೆ. ಅದು ಮತ್ತೆ ಘಟಕದ ಬಾಗಿಲಿಗೇ ಬರುವುದರಿಂದ ಅದಕ್ಕೆ ತಗಲುವ ಗಾಳಿಯನ್ನೂ ವೆಚ್ಚದಲ್ಲಿ ಸೇರಿಸಬೇಕು. ಕಾವೂರಿನಿಂದ ಮಂಗಳೂರು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೆ ಹೋಗುವಂಥ ಮರುಬಳಕೆಯ ನೀರಿನಲ್ಲಿ ಅಮೋನಿಯ ಉಳಿಯುವಂತಿಲ್ಲ.

ಇಂಥ ಘಟಕದ ವಿವರವಾದ ಯೋಜನಾ ವರದಿಯನ್ನು ಓದುವ ಪಾಲಿಕೆ ಸದಸ್ಯರಾಗಲಿ ನಾಗರಿಕರಾಗಲಿ ಒಂದು ಕೋಷ್ಟಕವನ್ನು ಹುಡುಕಬೇಕು: ವರ್ಷದ ಹನ್ನೆರಡು ತಿಂಗಳ ಹರಿವು ಮತ್ತು ಸಿಒಡಿ, ತಿಂಗಳು ತಿಂಗಳು ಬೇರೆ ಬೇರೆಯಾಗಿ ಅಳೆದದ್ದು. ಫೆಬ್ರವರಿಯ ಮಾದರಿಯೊಂದನ್ನೇ ನಂಬಿ ಎಂಜಿನ್‌ನ ಗಾತ್ರ ನಿಗದಿ ಮಾಡಿದರೆ, ನಮ್ಮ 20 ಎಂಎಲ್‌ಡಿ ಘಟಕಕ್ಕೆ 120 ಕಿಲೋವಾಟ್‌ನ ಒಂದೇ ಎಂಜಿನ್ ಬಂದು ಕೂರುತ್ತದೆ. ಮಳೆಗಾಲದಲ್ಲಿ ಗ್ಯಾಸ್ ಇಳಿದಾಗ ಅದು ಕಡಿಮೆ ಹೊರೆಯಲ್ಲಿ ಓಡಬೇಕಾಗಿ, ಇಂಧನವನ್ನು ವ್ಯರ್ಥ ಮಾಡುತ್ತ, ಒಳಗೆ ಮಸಿ ಕಟ್ಟಿಕೊಳ್ಳುತ್ತ, ಕಡೆಗೆ ನಿಲ್ಲಿಸಿ ಗ್ಯಾಸನ್ನು ಬಯಲಿನಲ್ಲಿ ಉರಿಸುವ ಪರಿಸ್ಥಿತಿ ಬರುತ್ತದೆ. ಅದರ ಬದಲು 60 ಕಿಲೋವಾಟ್‌ನ ಎರಡು ಎಂಜಿನ್ ಇಟ್ಟರೆ ಮೊದಲ ಖರ್ಚು ತುಸು ಹೆಚ್ಚಾದರೂ ಜುಲೈಯಲ್ಲಿ ಒಂದು ಪೂರ್ಣ ಹೊರೆಯಲ್ಲಿ ಓಡುತ್ತಿರುವಾಗ ಇನ್ನೊಂದನ್ನು ಬಿಚ್ಚಿ ದುರಸ್ತಿ ಮಾಡಲು ಬಿಡುವು ಸಿಗುತ್ತದೆ, ಅಕ್ಟೋಬರಿನಲ್ಲಿ ಗ್ಯಾಸ್ ಏರುವ ಹೊತ್ತಿಗೆ ಎರಡೂ ಸಿದ್ಧವಿರುತ್ತವೆ.